ಮಾಂಡವಿ ನದಿಯ ಆರು ಹಡಗುಗಳು: ಗೋವಾದ ಕ್ಯಾಸಿನೊ ಪರವಾನಗಿ ಮತ್ತು ಶುಲ್ಕ ಕುರಿತ ಪ್ರಕರಣ ಅಧ್ಯಯನ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಘಟ್ಟ ಇಳಿದು ಗೋವಾ ಸೇರಿದ ಮೇಲೆ ಮಾಂಡವಿ ಎಂಬ ಹೆಸರು ಪಡೆಯುತ್ತದೆ. ಪಣಜಿ ನಗರದ ಅಂಚಿನಲ್ಲಿ ಅಗಲವಾಗಿ ಹರಿದು, ಅಗ್ವಾದ ಕೋಟೆಯ ಬಳಿ ಅರಬ್ಬೀ ಸಮುದ್ರವನ್ನು ಕೂಡುತ್ತದೆ. ಸಮುದ್ರ ಇನ್ನೂ ಕೆಲವು ಕಿಲೋಮೀಟರ್ ದೂರವಿರುವಾಗಲೇ, ನಗರದ ರಸ್ತೆಯಿಂದ ಬರಿಗಣ್ಣಿಗೆ ಫಲಕಗಳನ್ನು ಓದಬಹುದಾದಷ್ಟು ಹತ್ತಿರದಲ್ಲಿ, ಆರು ಹಡಗುಗಳು ಲಂಗರು ಹಾಕಿ ನಿಂತಿವೆ. ಅವು ಸರಕು ಸಾಗಿಸುವುದಿಲ್ಲ, ಪ್ರಯಾಣಿಕರನ್ನು ಇನ್ನೊಂದು ಊರಿಗೆ ಮುಟ್ಟಿಸುವುದೂ ಇಲ್ಲ. ಜೆಟ್ಟಿಯಿಂದ ಸಣ್ಣ ದೋಣಿಗಳು ಜನರನ್ನು ಅಲ್ಲಿಗೆ ಒಯ್ಯುತ್ತವೆ. ಒಳಗೆ ರೂಲೆಟ್, ಬ್ಲ್ಯಾಕ್‌ಜ್ಯಾಕ್, ಅಂದರ್ ಬಾಹರ್ ಮೇಜುಗಳಿವೆ. ದಡದ ಮೇಲೆ ಅದೇ ಆಟವನ್ನು ಹಣ ಕಟ್ಟಿ ಆಡಿದರೆ ಪೊಲೀಸರು ಹಿಡಿಯಬಹುದು. ಹಡಗಿನ ಮೇಲೆ ಆಡಿದರೆ ಅದು ಸರ್ಕಾರದ ಪರವಾನಗಿ ಪಡೆದ ವ್ಯವಹಾರ.

ಈ ವ್ಯತ್ಯಾಸವನ್ನು ಉಂಟುಮಾಡಿದ ಪರವಾನಗಿಯ ನಿಯಮಗಳು ಯಾವುವು, ಅದಕ್ಕೆ ನಿಗದಿಯಾದ ಶುಲ್ಕ ಹೇಗೆ ಬೆಳೆಯಿತು, ಮತ್ತು ಆ ಶುಲ್ಕ ಹಡಗುಗಳ ಮೇಲೂ ಸರ್ಕಾರದ ಮೇಲೂ ಯಾವ ಪರಿಣಾಮ ಬೀರಿತು ಎಂಬುದು ಈ ಅಧ್ಯಯನದ ವಿಷಯ. ಜೂಜು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಹಳೆಯದು, ಅದನ್ನು ಇಲ್ಲಿ ಮತ್ತೆ ತೆರೆಯುವುದಿಲ್ಲ. ಆದರೆ ಒಂದು ರಾಜ್ಯ ತಾನೇ ನಿಷೇಧಿಸಿದ ಕೆಲಸಕ್ಕೆ ತಾನೇ ಬೆಲೆ ಕಟ್ಟಿ ಅನುಮತಿ ಕೊಟ್ಟಾಗ, ನಿಯಂತ್ರಣಕ್ಕೆಂದು ಇಟ್ಟ ಆ ಬೆಲೆಯೇ ಅನುಮತಿಯನ್ನು ಹಿಂಪಡೆಯಲಾಗದ ಸ್ಥಿತಿಗೆ ಹೇಗೆ ಒಯ್ಯಬಲ್ಲದು ಎಂಬುದನ್ನು ಗೋವಾದಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಭಾರತದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ನಿಷೇಧದ ಕಾಯ್ದೆಯೊಳಗೆ ಒಂದು ಕಲಂ

ಪಂದ್ಯ ಕಟ್ಟುವುದು ಮತ್ತು ಜೂಜು ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 34ನೇ ನಮೂದು. ಅಂದರೆ ಜೂಜನ್ನು ನಿಷೇಧಿಸುವ ಅಥವಾ ನಿಯಂತ್ರಿಸಿ ನಡೆಸಲು ಬಿಡುವ ಅಧಿಕಾರ ಆಯಾ ರಾಜ್ಯದ ವಿಧಾನಸಭೆಯದು. ಗೋವಾ ಇನ್ನೂ ದಮನ್ ಮತ್ತು ದಿಯು ಜೊತೆ ಸೇರಿ ಕೇಂದ್ರಾಡಳಿತ ಪ್ರದೇಶವಾಗಿದ್ದಾಗ, 1976ರಲ್ಲಿ, ಅಲ್ಲಿನ ವಿಧಾನಸಭೆ ಸಾರ್ವಜನಿಕ ಜೂಜು ಕಾಯ್ದೆಯನ್ನು ಅಂಗೀಕರಿಸಿತು. ಅದು ನಿಷೇಧದ ಕಾಯ್ದೆ. ಜೂಜುಕಟ್ಟೆ ನಡೆಸುವವರಿಗೆ, ಅಲ್ಲಿ ಸಿಕ್ಕಿಬಿದ್ದವರಿಗೆ, ಮಟ್ಕಾ ಬರೆಯುವವರಿಗೆ ಶಿಕ್ಷೆ ವಿಧಿಸುವುದು ಅದರ ಉದ್ದೇಶ. ಇಂದಿಗೂ ಗೋವಾದಲ್ಲಿ ಮಟ್ಕಾ ಚೀಟಿಯೊಂದಿಗೆ ಸಿಕ್ಕವನ ಮೇಲೆ ಮೊಕದ್ದಮೆ ಹೂಡುವುದು ಇದೇ ಕಾಯ್ದೆಯಡಿ.

1992ರಲ್ಲಿ ಈ ಕಾಯ್ದೆಗೆ 13ಎ ಎಂಬ ಹೊಸ ಕಲಂ ಸೇರಿತು. ಕಾಯ್ದೆಯಲ್ಲಿ ಬೇರೆಡೆ ಏನೇ ಹೇಳಿದ್ದರೂ, ಪಂಚತಾರಾ ಹೋಟೆಲುಗಳಲ್ಲಿ ಎಲೆಕ್ಟ್ರಾನಿಕ್ ಮನರಂಜನಾ ಆಟಗಳಿಗೆ, ಅಂದರೆ ಸ್ಲಾಟ್ ಮಷೀನುಗಳಿಗೆ, ಸರ್ಕಾರ ಅನುಮತಿ ಕೊಡಬಹುದು ಎಂಬುದು ಅದರ ಸಾರ. 1996ರ ತಿದ್ದುಪಡಿ ಇದೇ ಕಲಮಿಗೆ ಇನ್ನಷ್ಟು ಮಾತು ಸೇರಿಸಿತು: ತೀರದಾಚೆಯ ಹಡಗುಗಳ ಮೇಲೆ ಸರ್ಕಾರ ಅಧಿಸೂಚಿಸುವ ಮೇಜಿನ ಆಟಗಳಿಗೂ ಅನುಮತಿ ಕೊಡಬಹುದು. ಅನುಮತಿಗೆ ಷರತ್ತುಗಳಿರುತ್ತವೆ, ಆ ಷರತ್ತುಗಳಲ್ಲಿ ಒಂದು, ಸರ್ಕಾರ ಗೊತ್ತುಪಡಿಸಿದ ಶುಲ್ಕ. ಒಮ್ಮೆ ಕಟ್ಟುವ ಶುಲ್ಕ ಮತ್ತು ವರ್ಷ ವರ್ಷ ಕಟ್ಟುವ ಶುಲ್ಕ ಎಂದು ಎರಡು ಬಗೆ. ಹೀಗೆ ಅನುಮತಿ ಪಡೆದ ಆಟಕ್ಕೆ ಕಾಯ್ದೆಯ ಉಳಿದ ನಿಷೇಧಗಳು ಅನ್ವಯಿಸುವುದಿಲ್ಲ.

ನೂರಾರು ಕೋಟಿ ರೂಪಾಯಿಯ ಉದ್ಯಮವೊಂದು ಈ ಒಂದು ಕಲಮಿನ ಮೇಲೆ ನಿಂತಿದೆ. ಕ್ಯಾಸಿನೊಗಳಿಗೆಂದೇ ಬರೆದ ಪ್ರತ್ಯೇಕ ಕಾಯ್ದೆ ಗೋವಾದಲ್ಲಿಲ್ಲ. ಪರವಾನಗಿ ಕೊಡುವುದು ರಾಜ್ಯದ ಗೃಹ ಇಲಾಖೆ. ಹಡಗು ನಿಲ್ಲುವ ಜಾಗದ ಮತ್ತು ಅದರ ಸಂಚಾರದ ಮೇಲ್ವಿಚಾರಣೆ ಬಂದರು ಇಲಾಖೆಯದು, ಮದ್ಯಕ್ಕೆ ಅಬಕಾರಿ ಪರವಾನಗಿ ಬೇರೆ, ತ್ಯಾಜ್ಯದ ವಿಷಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇರೆ. ಆದರೆ ಆಟ ನ್ಯಾಯವಾಗಿ ನಡೆಯುತ್ತಿದೆಯೇ, ಮೇಜಿನ ಮೇಲೆ ಬಂದ ಹಣ ಯಾರದು, ಪರವಾನಗಿದಾರನ ಹಿನ್ನೆಲೆ ಏನು ಎಂಬುದನ್ನು ವರ್ಷಪೂರ್ತಿ ನೋಡುವುದೇ ಕೆಲಸವಾಗಿರುವ, ಸರ್ಕಾರದಿಂದ ಒಂದಿಷ್ಟು ದೂರವಿರುವ ಸಂಸ್ಥೆ ಇಲ್ಲ. ಅಮೆರಿಕದ ನೆವಾಡಾ ರಾಜ್ಯ 1955ರಲ್ಲಿಯೇ ಇಂಥದೊಂದು ನಿಯಂತ್ರಣ ಮಂಡಳಿಯನ್ನು ರಚಿಸಿತ್ತು. ಗೋವಾದಲ್ಲಿ 2012ರ ತಿದ್ದುಪಡಿ ಜೂಜು ಆಯುಕ್ತ ಎಂಬ ಹುದ್ದೆಗೆ ಅವಕಾಶ ಕಲ್ಪಿಸಿತು. 2020ರಲ್ಲಿ ಆ ಹೊಣೆಯನ್ನು ವಾಣಿಜ್ಯ ತೆರಿಗೆ ಆಯುಕ್ತರಿಗೆ ವಹಿಸಲಾಯಿತು. ವರಮಾನ ತರಬೇಕಾದ ಅಧಿಕಾರಿಗೇ ಕಡಿವಾಣ ಹಾಕುವ ಕೆಲಸವನ್ನೂ ಕೊಟ್ಟದ್ದು ಸರಿಯಾದ ಏರ್ಪಾಡಲ್ಲ.

ಇಲ್ಲಿ ನೆರೆಯ ಮಹಾರಾಷ್ಟ್ರವನ್ನು ನೆನೆಯಬೇಕು. ಅದೇ 1976ರಲ್ಲಿ ಮಹಾರಾಷ್ಟ್ರ ಕ್ಯಾಸಿನೊಗಳ ನಿಯಂತ್ರಣ ಮತ್ತು ತೆರಿಗೆಗೆಂದೇ ಪೂರ್ಣ ಪ್ರಮಾಣದ ಕಾಯ್ದೆ ಮಾಡಿತು, ಆದರೆ ಅದನ್ನು ಜಾರಿಗೆ ತರಲೇ ಇಲ್ಲ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಹಾಗೆಯೇ ಇದ್ದ ಆ ಕಾಯ್ದೆಯನ್ನು 2023ರಲ್ಲಿ ರದ್ದುಗೊಳಿಸಿತು. ಕ್ಯಾಸಿನೊ ಕಾಯ್ದೆ ಮಾಡಿದ ರಾಜ್ಯದಲ್ಲಿ ಕ್ಯಾಸಿನೊ ಬರಲಿಲ್ಲ. ಜೂಜು ನಿಷೇಧದ ಕಾಯ್ದೆ ಮಾಡಿದ ಪ್ರದೇಶದಲ್ಲಿ ಬಂತು. ಸಿಕ್ಕಿಂ ತಡವಾಗಿ ಹೊರಟರೂ 2002ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿಕೊಂಡು ಮುಂದುವರಿಯಿತು.

ಬೆಂಗಳೂರಿನ ಪತ್ರಿಕೆಯಿಂದ ಹುಟ್ಟಿದ ತೀರ್ಪು

ಗೋವಾ ಸರ್ಕಾರ ಶುಲ್ಕವನ್ನು ತನಗೆ ತೋಚಿದಂತೆ ಏರಿಸಬಲ್ಲದೇ, ಉದ್ಯಮ ಅದನ್ನು ಪ್ರಶ್ನಿಸಬಲ್ಲದೇ ಎಂಬುದಕ್ಕೆ ಉತ್ತರ 1957ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ, ಮತ್ತು ಆ ತೀರ್ಪಿನ ಮೂಲ ಅಂದಿನ ಮೈಸೂರು ರಾಜ್ಯದಲ್ಲಿದೆ. ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಎಂಬವರು ಬೆಂಗಳೂರಿನಲ್ಲಿ ಮುದ್ರಣವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಮೂಲಕ ಬಹುಮಾನದ ಪದಬಂಧ ಸ್ಪರ್ಧೆ ನಡೆಸುತ್ತಿದ್ದರು. ಪತ್ರಿಕೆ ಬೊಂಬಾಯಿ ರಾಜ್ಯದಲ್ಲಿ ವ್ಯಾಪಕವಾಗಿ ಹಂಚಿಕೆಯಾಗುತ್ತಿತ್ತು. ಹೊರರಾಜ್ಯದಲ್ಲಿ ಮುದ್ರಣವಾಗುವ ಪತ್ರಿಕೆಗಳ ಸ್ಪರ್ಧೆಗೂ ಪರವಾನಗಿ ಮತ್ತು ತೆರಿಗೆ ಅನ್ವಯಿಸುವಂತೆ ಬೊಂಬಾಯಿ ಸರ್ಕಾರ ತನ್ನ ಕಾಯ್ದೆಯನ್ನು ತಿದ್ದಿದಾಗ ಅವರು ನ್ಯಾಯಾಲಯಕ್ಕೆ ಹೋದರು. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಬರೆದ ತೀರ್ಪು, ಜೂಜು ಸ್ವಭಾವತಃ ವ್ಯಾಪಾರವೆಂದು ಕರೆಯಬಹುದಾದ ಕೆಲಸವೇ ಅಲ್ಲ, ಆದ್ದರಿಂದ ಸಂವಿಧಾನದ 19(1)(ಜಿ) ವಿಧಿ ಕೊಡುವ ವ್ಯಾಪಾರ ಸ್ವಾತಂತ್ರ್ಯದ ರಕ್ಷಣೆ ಅದಕ್ಕೆ ಸಿಗುವುದಿಲ್ಲ ಎಂದಿತು.

ಇದರ ಪರಿಣಾಮವನ್ನು ಸರಿಯಾಗಿ ಗ್ರಹಿಸಬೇಕು. ಬೇಕರಿ ನಡೆಸುವವನಿಗೆ ನಗರಸಭೆ ವಿಪರೀತ ಶುಲ್ಕ ಹಾಕಿದರೆ, ಆ ಶುಲ್ಕಕ್ಕೂ ನಗರಸಭೆ ಕೊಡುವ ಸೇವೆಗೂ ಸಂಬಂಧವೇ ಇಲ್ಲ ಎಂದು ಅವನು ವಾದಿಸಬಹುದು. ಕ್ಯಾಸಿನೊ ನಡೆಸುವವನಿಗೆ ಆ ವಾದ ಸುಲಭವಾಗಿ ದಕ್ಕುವುದಿಲ್ಲ. ಮದ್ಯದ ಪರವಾನಗಿಗೆ ಸಂಬಂಧಿಸಿದ ಹರ್ ಶಂಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1975ರಲ್ಲಿ ಇದೇ ತತ್ತ್ವವನ್ನು ಇನ್ನಷ್ಟು ಬಿಡಿಸಿ ಹೇಳಿತು: ಇಂಥ ಕೆಲಸದ ಹಕ್ಕು ರಾಜ್ಯದ ಕೈಯಲ್ಲಿರುವ ವಿಶೇಷಾಧಿಕಾರ, ಅದನ್ನು ಬಿಟ್ಟುಕೊಡುವಾಗ ರಾಜ್ಯ ಪಡೆಯುವ ಹಣ ಸೇವೆಗೆ ಪ್ರತಿಯಾಗಿ ಪಡೆಯುವ ಶುಲ್ಕವಲ್ಲ, ಬಿಟ್ಟುಕೊಟ್ಟ ಅಧಿಕಾರದ ಬೆಲೆ. ಜಮೀನಿನ ಒಡೆಯ ಗೇಣಿ ಗೊತ್ತುಮಾಡಿದ ಹಾಗೆ ಎಂದುಕೊಂಡರೆ ವಿಷಯ ಬೇಗ ಅರ್ಥವಾಗುತ್ತದೆ.

ಐದು ಕೋಟಿಯಿಂದ ನಲವತ್ತು ಕೋಟಿಗೆ

ಈ ಶತಮಾನದ ಆರಂಭದಲ್ಲಿ ‘ಕ್ಯಾರಾವೆಲಾ’ ಎಂಬ ಹಡಗು ಮಾಂಡವಿಯಲ್ಲಿ ದೇಶದ ಮೊದಲ ತೇಲುವ ಕ್ಯಾಸಿನೊ ಆಗಿ ಕೆಲಸ ಶುರುಮಾಡಿತು. ಹಡಗುಗಳ ಸಂಖ್ಯೆ ಏರತೊಡಗಿದ ಮೇಲೆ, 2009ರಲ್ಲಿ, ತೇಲುವ ಕ್ಯಾಸಿನೊದ ವಾರ್ಷಿಕ ಶುಲ್ಕವನ್ನು ಸರ್ಕಾರ 5 ಕೋಟಿ ರೂಪಾಯಿಗೆ ಏರಿಸಿತು. ಆಗ ಅದು ದೊಡ್ಡ ಏರಿಕೆ ಎನಿಸಿತ್ತು. ಆನಂತರದ ವರ್ಷಗಳಲ್ಲಿ ಶುಲ್ಕ ಹಂತ ಹಂತವಾಗಿ 10 ಕೋಟಿಯ ಆಸುಪಾಸಿಗೆ ಬಂತು. 2018ರ ಏಪ್ರಿಲಿನಲ್ಲಿ ಮನೋಹರ ಪರ್ರೀಕರ್ ನೇತೃತ್ವದ ಸರ್ಕಾರ ಹೊಸ ದರಗಳನ್ನು ಪ್ರಕಟಿಸಿದಾಗ ಇಡೀ ಲೆಕ್ಕವೇ ಬದಲಾಯಿತು. 200 ಜನರವರೆಗೆ ಸಾಮರ್ಥ್ಯವಿರುವ ಹಡಗಿಗೆ 25 ಕೋಟಿ, 200ರಿಂದ 400 ಜನರ ಹಡಗಿಗೆ 30 ಕೋಟಿ, 400ಕ್ಕಿಂತ ಹೆಚ್ಚು ಜನರ ಹಡಗಿಗೆ 40 ಕೋಟಿ ರೂಪಾಯಿ ವರ್ಷಕ್ಕೆ. ಹೋಟೆಲುಗಳೊಳಗಿನ ಕ್ಯಾಸಿನೊಗಳಿಗೆ ಜನರ ಲೆಕ್ಕದ ಬದಲು ಆಟದ ಜಾಗದ ಚದರ ಮೀಟರ್ ಲೆಕ್ಕದಲ್ಲಿ ಬೇರೆ ದರಪಟ್ಟಿ ಬಂತು.

ಸಮಯವನ್ನು ಗಮನಿಸಬೇಕು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತ್ತು. ಅದಕ್ಕೆ ದಾರಿಮಾಡಿದ ಸಂವಿಧಾನ ತಿದ್ದುಪಡಿ, ರಾಜ್ಯ ಪಟ್ಟಿಯ 62ನೇ ನಮೂದಿನಲ್ಲಿದ್ದ ‘ಪಂದ್ಯ ಮತ್ತು ಜೂಜಿನ ಮೇಲೆ ತೆರಿಗೆ’ ಎಂಬ ಅಧಿಕಾರವನ್ನು ತೆಗೆದುಹಾಕಿತು. ಆ ನಮೂದು ಈಗ ಪಂಚಾಯಿತಿ, ನಗರಸಭೆಗಳು ವಸೂಲು ಮಾಡುವ ಮನರಂಜನಾ ತೆರಿಗೆಗೆ ಸೀಮಿತ. ಹೀಗಾಗಿ ಕ್ಯಾಸಿನೊಗಳ ಮೇಲಿನ ತೆರಿಗೆಯ ದರವನ್ನು ಗೋವಾ ತಾನೊಬ್ಬನೇ ನಿರ್ಧರಿಸುವಂತಿರಲಿಲ್ಲ. ತನ್ನ ಕೈಯಲ್ಲೇ ಪೂರ್ತಿಯಾಗಿ ಉಳಿದದ್ದು ಪರವಾನಗಿ ಶುಲ್ಕ. ಒಂಬತ್ತು ತಿಂಗಳ ನಂತರ ಶುಲ್ಕ ಎರಡೂವರೆಯಿಂದ ನಾಲ್ಕು ಪಟ್ಟು ಏರಿದ್ದು ಕೇವಲ ಕಾಕತಾಳೀಯ ಎಂದು ನನಗೆ ಅನಿಸುವುದಿಲ್ಲ.

ಈ ದರಪಟ್ಟಿಯನ್ನು ಆಸನದ ಲೆಕ್ಕಕ್ಕೆ ಇಳಿಸಿ ನೋಡಿದರೆ ಅದರ ಗುಣ ಬಯಲಾಗುತ್ತದೆ. 200 ಜನರ ಹಡಗು 25 ಕೋಟಿ ಕಟ್ಟಿದರೆ ತಲಾ ಒಂದು ಜಾಗಕ್ಕೆ ವರ್ಷಕ್ಕೆ 12.5 ಲಕ್ಷ ರೂಪಾಯಿ ಬೀಳುತ್ತದೆ. 400 ಜನರ ಹಡಗಿಗೆ 30 ಕೋಟಿ ಎಂದರೆ ತಲಾ 7.5 ಲಕ್ಷ. 401ನೆಯ ಜಾಗ ಸೇರಿದ ಕೂಡಲೇ ಶುಲ್ಕ ಒಮ್ಮೆಗೇ 10 ಕೋಟಿ ಜಿಗಿದು ತಲಾ ಲೆಕ್ಕ ಸುಮಾರು 10 ಲಕ್ಷಕ್ಕೆ ಏರುತ್ತದೆ. ಆದರೆ ಅಲ್ಲಿಂದ ಮುಂದೆ ಏರುವುದೇ ಇಲ್ಲ. 800 ಜನರ ಹಡಗಾದರೆ ತಲಾ 5 ಲಕ್ಷ, 1,000 ಜನರ ಹಡಗಾದರೆ ತಲಾ 4 ಲಕ್ಷ. ದಿನದ ಲೆಕ್ಕ ಹಾಕಿದರೆ 200 ಜನರ ಹಡಗು ತುಂಬಿದ ಒಂದೊಂದು ಜಾಗದಿಂದ ಶುಲ್ಕಕ್ಕಾಗಿಯೇ ಸುಮಾರು 3,425 ರೂಪಾಯಿ ಹುಟ್ಟಿಸಬೇಕು. 800 ಜನರದ್ದಕ್ಕೆ ಸುಮಾರು 1,370 ರೂಪಾಯಿ ಸಾಕು.

ಇಂಥ ಪಟ್ಟಿಯನ್ನು ಕೈಯಲ್ಲಿ ಹಿಡಿದ ಯಾವ ಲೆಕ್ಕಿಗನಾದರೂ ಮಾಲೀಕನಿಗೆ ಕೊಡುವ ಸಲಹೆ ಒಂದೇ: ಸಣ್ಣ ಹಡಗನ್ನು ಬಿಡಿ, ಸಾಧ್ಯವಾದಷ್ಟು ದೊಡ್ಡದನ್ನು ತನ್ನಿ. ನದಿಯಲ್ಲಿ ಹಡಗುಗಳ ಸಂಖ್ಯೆ ಆರಕ್ಕೇ ನಿಂತರೂ ಅವುಗಳ ಗಾತ್ರ, ಮಹಡಿ, ದೀಪ, ಜೆಟ್ಟಿಯ ಜನಸಂದಣಿ ಬೆಳೆಯಲು ಬೇಕಾದ ಪ್ರೇರಣೆ ಶುಲ್ಕದ ರಚನೆಯೊಳಗೇ ಇದೆ. ಶುಲ್ಕ ಹೆಚ್ಚಿಸಿದರೆ ಜೂಜಿಗೆ ಕಡಿವಾಣ ಬೀಳುತ್ತದೆ ಎಂಬ ವಾದವನ್ನು ವಿಧಾನಸಭೆಗಳಲ್ಲಿ ಆಗಾಗ ಕೇಳುತ್ತೇವೆ. ದರ ಎಷ್ಟು ಎಂಬುದರಷ್ಟೇ ಅದನ್ನು ಯಾವುದರ ಮೇಲೆ ಹಾಕಿದೆ ಎಂಬುದೂ ಮುಖ್ಯ. ಮೇಲ್ಮಿತಿಯಿರುವ ನಿಶ್ಚಿತ ಶುಲ್ಕ ಸಣ್ಣವನನ್ನು ಹೊರಹಾಕಿ ದೊಡ್ಡವನನ್ನು ಇನ್ನೂ ದೊಡ್ಡವನನ್ನಾಗಿ ಮಾಡುತ್ತದೆ.

‘ತೀರದಾಚೆ’ ಎಂದರೆ ಎಲ್ಲಿ?

1996ರ ತಿದ್ದುಪಡಿ ‘ತೀರದಾಚೆಯ ಹಡಗು’ ಎಂದಿತು. ಓದಿದವರಿಗೆ ತೆರೆದ ಕಡಲಿನ ಚಿತ್ರ ಬರುವುದು ಸಹಜ. ಹಡಗುಗಳು ನಿಂತದ್ದು ಮಾತ್ರ ನದಿಯಲ್ಲಿ, ರಾಜಧಾನಿಯ ಎದುರಿಗೆ. ಮುಖ್ಯಮಂತ್ರಿ ದಿಗಂಬರ ಕಾಮತ್ ಅವರ ಅವಧಿಯಲ್ಲಿ ಅವನ್ನು ಅಗ್ವಾದದ ಆಚೆಗೆ ಕಳಿಸುವ ಯತ್ನ ನಡೆದಾಗ ಕ್ಯಾಸಿನೊ ಸಂಸ್ಥೆಗಳು ಹೈಕೋರ್ಟಿನ ಮೊರೆ ಹೋದವು. ವಿರೋಧ ಪಕ್ಷದಲ್ಲಿದ್ದಾಗ ಪರ್ರೀಕರ್ ಕ್ಯಾಸಿನೊಗಳ ವಿರುದ್ಧ ಬೀದಿಗಿಳಿದಿದ್ದರು. 2012ರಲ್ಲಿ ಅಧಿಕಾರಕ್ಕೆ ಬಂದ ಮೇಲೂ ಹಡಗುಗಳು ಇದ್ದಲ್ಲೇ ಉಳಿದವು. ‘ಆಮ್ ಔರತ್ ಆದ್ಮಿ ಅಗೇನ್ಸ್ಟ್ ಗ್ಯಾಂಬ್ಲಿಂಗ್’ ಎಂಬ ನಾಗರಿಕ ಸಂಘಟನೆ ವರ್ಷಗಳ ಕಾಲ ಈ ಪ್ರಶ್ನೆಯನ್ನು ಬಿಡದೆ ಎತ್ತುತ್ತ ಬಂದಿದೆ.

ಸ್ಥಳಾಂತರಕ್ಕೆ ಎದುರಾಗುವ ಭೌತಿಕ ತೊಡಕು ನಿಜವಾದದ್ದು, ಅದನ್ನು ನೆಪವೆಂದು ತಳ್ಳಿಹಾಕಬಾರದು. ಮಳೆಗಾಲದಲ್ಲಿ ಮಾಂಡವಿಯ ಅಳಿವೆಯ ಮರಳದಿನ್ನೆಗಳ ಮೇಲೆ ಅಲೆಗಳು ಒಡೆಯುತ್ತವೆ, ಸಣ್ಣ ದೋಣಿಗಳಲ್ಲಿ ಜನರನ್ನು ಹೊರಗಿನ ಕಡಲಿಗೆ ಒಯ್ಯುವುದು ಅಪಾಯದ ಕೆಲಸ. 2017ರ ಜುಲೈನಲ್ಲಿ, ಸುರಿಯುವ ಮಳೆಯ ನಡುವೆ, ‘ಲಕಿ ಸೆವೆನ್’ ಎಂಬ ಕ್ಯಾಸಿನೊ ಹಡಗನ್ನು ಮಾಂಡವಿಯೊಳಗೆ ತರುವಾಗ ಅದು ಮೀರಾಮಾರ್ ಕಡಲತೀರದ ಬಳಿ ನೆಲಕಚ್ಚಿತು. ನಗರದ ಜನ ದಿನವೂ ವಾಯುವಿಹಾರಕ್ಕೆ ಹೋಗುವ ಮರಳಿನ ಎದುರಿಗೇ ಅದು ಸಿಕ್ಕಿಕೊಂಡು ನಿಂತಿತ್ತು. ಅದನ್ನು ಬಿಡಿಸುವ ಕೆಲಸ ದಿನಗಳಲ್ಲಿ ಮುಗಿಯಲಿಲ್ಲ. ಕಡಲಿಗೆ ಹೋಗುವುದು ಅಪಾಯವೆಂದರೆ ನದಿಗೆ ಬರುವುದೂ ಅಪಾಯ ಎಂಬುದು ಅಂದು ಎಲ್ಲರಿಗೂ ಕಂಡಿತು.

ಸರ್ಕಾರ ಕಂಡುಕೊಂಡ ದಾರಿ, ನದಿಯಲ್ಲಿ ನಿಲ್ಲುವ ಅನುಮತಿಯನ್ನು ಆರಾರು ತಿಂಗಳಿಗೆ ವಿಸ್ತರಿಸುವುದು. ಪರ್ಯಾಯ ಜಾಗ ಗುರುತಿಸುವವರೆಗೆ ಎಂಬ ಕಾರಣದೊಂದಿಗೆ ಸಚಿವ ಸಂಪುಟದ ಮುಂದೆ ವಿಷಯ ಬರುತ್ತದೆ, ವಿಸ್ತರಣೆ ಸಿಗುತ್ತದೆ, ಆರು ತಿಂಗಳ ನಂತರ ಮತ್ತೆ ಬರುತ್ತದೆ. ಹೀಗೆ ತಾತ್ಕಾಲಿಕವಾದದ್ದು ವರ್ಷಗಟ್ಟಲೆ ನಡೆದುಬಂದಿದೆ. ಇದರಿಂದ ಯಾರಿಗೂ ಹಿತವಾಗಿಲ್ಲ. ಉದ್ಯಮಕ್ಕೆ ಮುಂದಿನ ವರ್ಷದ ಭರವಸೆಯಿಲ್ಲ, ನಗರಕ್ಕೆ ನದಿ ಮರಳಿ ಸಿಗುವ ದಿನಾಂಕವಿಲ್ಲ. ಆರು ಹಡಗುಗಳು ಗರಿಷ್ಠ ದರದಲ್ಲಿ ಕಟ್ಟಿದರೆ ವರ್ಷಕ್ಕೆ 240 ಕೋಟಿಯಾಗುತ್ತದೆ. ಚಿಕ್ಕ ರಾಜ್ಯವೊಂದು ಅಂಥ ಮೊತ್ತವನ್ನು ಆಯವ್ಯಯದಲ್ಲಿ ಬರೆದುಕೊಂಡ ಮೇಲೆ, ಮುಂದಿನ ಆರು ತಿಂಗಳ ವಿಸ್ತರಣೆಯನ್ನು ನಿರಾಕರಿಸುವ ಸಂಪುಟ ಮೊದಲು ಆ ಖಾಲಿ ಸಾಲನ್ನು ತುಂಬುವ ದಾರಿ ಹೇಳಬೇಕಾಗುತ್ತದೆ.

ಬಾಗಿಲು ಮುಚ್ಚಿದಾಗ

ಕೋವಿಡ್ ಈ ವ್ಯವಸ್ಥೆಯನ್ನು ಪರೀಕ್ಷೆಗೆ ಒಡ್ಡಿತು. 2020ರ ಮಾರ್ಚಿನಲ್ಲಿ ಮುಚ್ಚಿದ ಕ್ಯಾಸಿನೊಗಳು ನವೆಂಬರ್ 1ರಂದು ಅರ್ಧ ಸಾಮರ್ಥ್ಯದೊಂದಿಗೆ ತೆರೆದವು. ಎರಡನೇ ಅಲೆಯಲ್ಲಿ ಮತ್ತೆ ಮುಚ್ಚಿ 2021ರ ಸೆಪ್ಟೆಂಬರ್ 20ರಂದು ತೆರೆದವು. 40 ಕೋಟಿಯ ಶುಲ್ಕ ದಿನಕ್ಕೆ ಸುಮಾರು 10.96 ಲಕ್ಷ ರೂಪಾಯಿ. 2020ರ ಏಪ್ರಿಲ್ 1ರಿಂದ ಅಕ್ಟೋಬರ್ 31ರವರೆಗಿನ 214 ದಿನಗಳಿಗೇ ಒಂದು ಹಡಗಿನ ಪಾಲು ಸುಮಾರು 23.45 ಕೋಟಿ ಆಗುತ್ತದೆ, ಒಂದು ಇಸ್ಪೀಟ್ ಎಲೆಯನ್ನೂ ಹಂಚದೆ. ಮುಚ್ಚಿದ ಅವಧಿಯ ಶುಲ್ಕದ ವಿವಾದ ಬಾಂಬೆ ಹೈಕೋರ್ಟಿನ ಗೋವಾ ಪೀಠದ ಮುಂದೆ ಹೋಯಿತು. ಸಂಸ್ಥೆಗಳ ಅರ್ಜಿಯನ್ನು ಪೀಠ ಒಪ್ಪಲಿಲ್ಲ.

ಶುಲ್ಕ ವಿಶೇಷಾಧಿಕಾರದ ಬೆಲೆ ಎಂದ ಮೇಲೆ ಕಾನೂನಿನ ದೃಷ್ಟಿಯಲ್ಲಿ ಸಂಸ್ಥೆಗಳ ವಾದ ನಿಲ್ಲುವುದು ಕಷ್ಟವೇ. ಆದರೂ ಮುಚ್ಚಲು ಆದೇಶಿಸಿದ್ದೂ ಸರ್ಕಾರ, ತೆರೆದಿದ್ದಂತೆ ಹಣ ಕೇಳಿದ್ದೂ ಸರ್ಕಾರ ಎಂಬುದು ನ್ಯಾಯದ ಮಾತಾಗಿ ನನ್ನನ್ನು ಕಾಡುತ್ತದೆ. ಕೆಲಸ ಕಳೆದುಕೊಂಡವರಲ್ಲಿ ಮೇಜಿನ ಹಿಂದೆ ನಿಲ್ಲುವ ಸಂಬಳದ ಯುವಕ ಯುವತಿಯರೂ ಇದ್ದರು. ನೆವಾಡಾದಲ್ಲಿ ಮುಖ್ಯ ಪರವಾನಗಿ ಶುಲ್ಕವನ್ನು ಕ್ಯಾಸಿನೊದ ಒಟ್ಟು ಗೆಲುವಿನ ಶೇಕಡಾವಾರು ಲೆಕ್ಕದಲ್ಲಿ ಪ್ರತಿ ತಿಂಗಳು ಪಡೆಯುತ್ತಾರೆ. ಮೊದಲ 50,000 ಡಾಲರಿಗೆ ಶೇ 3.5, ನಂತರದ 84,000 ಡಾಲರಿಗೆ ಶೇ 4.5, ಅದರಾಚೆಗೆ ಶೇ 6.75. ಅಲ್ಲಿಯೂ 2020ರ ಮಾರ್ಚ್ 18ರಿಂದ ಜೂನ್ 4ರವರೆಗೆ ಬಾಗಿಲು ಮುಚ್ಚಿತ್ತು. ಗೆಲುವು ಸೊನ್ನೆಯಾದಾಗ ಆ ಶುಲ್ಕವೂ ತಾನಾಗಿಯೇ ಸೊನ್ನೆಯಾಗುತ್ತದೆ, ಕೋರ್ಟಿಗೆ ಹೋಗಬೇಕಿಲ್ಲ. ಹಾಗೆ ಪಡೆಯಬೇಕಾದರೆ ಪ್ರತಿಯೊಂದು ಮೇಜಿನ ಲೆಕ್ಕವನ್ನು ನಿತ್ಯ ಪರಿಶೀಲಿಸುವ ನುರಿತ ಸಿಬ್ಬಂದಿ ರಾಜ್ಯದ ಬಳಿ ಇರಬೇಕು. ಹಡಗಿನ ಸಾಮರ್ಥ್ಯವನ್ನು ಪ್ರಮಾಣಪತ್ರ ನೋಡಿ ಒಮ್ಮೆ ತಿಳಿದುಕೊಂಡರೆ ಸಾಕು. ಆಟದ ಲೆಕ್ಕಕ್ಕೆ ಅಷ್ಟು ಸಾಲದು. ಗೋವಾ ಸುಲಭವಾದದ್ದನ್ನು ಆರಿಸಿಕೊಂಡಿತು.

ಚಿಪ್ಸಿನ ಮುಖಬೆಲೆ

ರಾಜ್ಯದ ಶುಲ್ಕದ ಜೊತೆಗೆ ಸರಕು ಮತ್ತು ಸೇವಾ ತೆರಿಗೆಯೂ (ಜಿಎಸ್‌ಟಿ) ಬರುತ್ತದೆ. 2023ರ ಜುಲೈ 11ರಂದು ನಡೆದ 50ನೇ ಜಿಎಸ್‌ಟಿ ಮಂಡಳಿ ಸಭೆ, ಕ್ಯಾಸಿನೊಗಳಲ್ಲಿ ಪಣಕ್ಕಿಡಲು ಹಣ ಕೊಟ್ಟು ಕೊಳ್ಳುವ ಬಿಲ್ಲೆಗಳ, ಅಂದರೆ ಚಿಪ್ಸಿನ, ಪೂರ್ತಿ ಮುಖಬೆಲೆಯ ಮೇಲೆ ಶೇ 28 ತೆರಿಗೆ ಎಂದು ತೀರ್ಮಾನಿಸಿತು. ಅಕ್ಟೋಬರ್ 1ರಿಂದ ಅದು ಜಾರಿಯಾಯಿತು. ಗೆದ್ದ ಚಿಪ್ಸನ್ನೇ ಮತ್ತೆ ಪಣಕ್ಕಿಟ್ಟರೆ ಅದರ ಮೇಲೆ ಪುನಃ ತೆರಿಗೆ ಇಲ್ಲ. ಆದರೂ ಹೊರೆ ದೊಡ್ಡದು. ಒಂದೇ ಸೊನ್ನೆಯ ರೂಲೆಟ್ ಚಕ್ರದಲ್ಲಿ ಪ್ರತಿ ಪಣದ ಮೇಲೆ ಕ್ಯಾಸಿನೊಗೆ ದಕ್ಕುವ ಸರಾಸರಿ ಪಾಲು ಶೇ 2.7, ಹತ್ತು ಸಾವಿರ ರೂಪಾಯಿಯ ಚಿಪ್ಸ್ ಒಂದು ಸುತ್ತು ತಿರುಗಿದರೆ ಕ್ಯಾಸಿನೊಗೆ 270 ರೂಪಾಯಿ, ಶೇ 28ರ ದರದಲ್ಲಿ ಕೊಳ್ಳುವಾಗಲೇ ತೆರಿಗೆ 2,800 ರೂಪಾಯಿ. ಚಿಪ್ಸ್ ಹತ್ತಾರು ಸುತ್ತು ತಿರುಗಿದರೆ ಮಾತ್ರ ಈ ಲೆಕ್ಕ ಸರಿದೂಗುತ್ತದೆ, ಅಂದರೆ ಬಂದವನು ಹೆಚ್ಚು ಹೊತ್ತು ಕುಳಿತು ಹೆಚ್ಚು ಸೋಲಬೇಕು. 2025ರ ಸೆಪ್ಟೆಂಬರ್ 22ರಿಂದ ದರ ಶೇ 40 ಆಗಿದೆ.

ಹಳೆಯ ಅವಧಿಯ ತೆರಿಗೆಯೆಂದು, ಗೋವಾದಲ್ಲಿ ಕ್ಯಾಸಿನೊ ನಡೆಸುವ ಡೆಲ್ಟಾ ಕಾರ್ಪ್ ಮತ್ತು ಅದರ ಅಂಗಸಂಸ್ಥೆಗಳಿಗೆ 2023ರ ಸೆಪ್ಟೆಂಬರಿನಲ್ಲಿ ಬಂದ ನೋಟಿಸುಗಳ ಮೊತ್ತ 16,000 ಕೋಟಿ ರೂಪಾಯಿಗೂ ಹೆಚ್ಚು. ಅದು ಸಂಸ್ಥೆಯ ವಾರ್ಷಿಕ ವಹಿವಾಟಿನ ಹಲವು ಪಟ್ಟು, ಮತ್ತು ಸಂಸ್ಥೆ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು.

ನಮ್ಮ ಅಧ್ಯಯನಕ್ಕೆ ಇದಕ್ಕಿಂತ ಮುಖ್ಯವಾದದ್ದು 2023ರ ಆಗಸ್ಟ್ 2ರ ಮಂಡಳಿ ಸಭೆಯಲ್ಲಿ ಗೋವಾ ತೆಗೆದುಕೊಂಡ ನಿಲುವು. ತೆರಿಗೆ ಮುಖಬೆಲೆಯ ಮೇಲೆ ಬೇಡ, ಒಟ್ಟು ಜೂಜಿನ ಆದಾಯದ ಮೇಲೆ ಮಾತ್ರ ಇರಲಿ ಎಂದು ಗೋವಾ ಮತ್ತು ಸಿಕ್ಕಿಂ ಕೇಳಿದವು. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಆ ಬೇಡಿಕೆಯಲ್ಲಿ ತಪ್ಪಿಲ್ಲ. ಆದಾಯದ ಮೇಲೆ ತೆರಿಗೆ ಎಂಬುದು ನಾನೂ ಒಪ್ಪುವ ತತ್ತ್ವ. ಆದರೆ ಕ್ಯಾಸಿನೊಗಳ ಮಾತನ್ನು ದೆಹಲಿಯಲ್ಲಿ ಆಡಿದ್ದು ಅವುಗಳಿಗೆ ಪರವಾನಗಿ ಕೊಡುವ ಸರ್ಕಾರವೇ. ಶುಲ್ಕ ಕಟ್ಟುವವನು ಉಳಿದರೆ ಮಾತ್ರ ಶುಲ್ಕ ಉಳಿಯುತ್ತದೆ. ನಿಯಂತ್ರಿಸುವವನು ಹೀಗೆ ಕ್ರಮೇಣ ಪಾಲುದಾರನ ಜಾಗಕ್ಕೆ ಬಂದು ನಿಲ್ಲುತ್ತಾನೆ, ಮತ್ತು ಇದರಲ್ಲಿ ಯಾರೊಬ್ಬರ ದುರುದ್ದೇಶವನ್ನೂ ಹುಡುಕಬೇಕಿಲ್ಲ.

ಯಾರಿಗೆ ಪ್ರವೇಶ

ಗೋವಾ ತನ್ನ ಜನರಿಗೆ ಈ ಮೇಜುಗಳನ್ನು ಮುಚ್ಚಿದೆ. ಸ್ಥಳೀಯರು ಆಡದಂತೆ ತಡೆಯುವ ತಿದ್ದುಪಡಿ 2012ರದ್ದೇ ಆದರೂ, ಅದನ್ನು 2020ರ ಫೆಬ್ರವರಿ 1ರಿಂದ ಜಾರಿಗೊಳಿಸುವುದಾಗಿ ಮುಖ್ಯಮಂತ್ರಿ ಪ್ರಮೋದ್ ಸಾವಂತ್ ಪ್ರಕಟಿಸಿದರು. ಹೊರಗಿನವರಾದರೂ 21 ವರ್ಷ ತುಂಬಿರಬೇಕು. ಸಿಂಗಪುರವೂ ತನ್ನ ಪ್ರಜೆಗಳನ್ನು ತಡೆಯುವ ಯೋಚನೆ ಮಾಡಿದೆ, ಆದರೆ ನಿಷೇಧದ ಬದಲು ಪ್ರವೇಶಕ್ಕೆ ಬೆಲೆ ಇಟ್ಟಿದೆ: 2019ರಿಂದ ಪ್ರಜೆಗಳು ಮತ್ತು ಖಾಯಂ ನಿವಾಸಿಗಳಿಗೆ ದಿನಕ್ಕೆ 150 ಸಿಂಗಪುರ ಡಾಲರ್.

ಸ್ಥಳೀಯರನ್ನು ತಡೆಯುವ ನಿಯಮದ ಹಿಂದಿರುವ ಕಾಳಜಿ ಪ್ರಾಮಾಣಿಕವಾದದ್ದೇ. ಸಂಬಳದ ದಿನ ಜೆಟ್ಟಿಗೆ ಹೋಗುವ ಮನೆಯ ಯಜಮಾನನಿಂದ ಆಗುವ ಹಾನಿಯನ್ನು ಗೋವಾದ ಶಾಸಕರು ಬಲ್ಲರು. ಆದರೆ ಅದೇ ಕಾಳಜಿ ಚೋರ್ಲಾ ಘಾಟಿ ಇಳಿದು ಬರುವ ಬೆಳಗಾವಿಯವನ ಮನೆಗೋ, ಅನಮೋಡ್ ದಾರಿಯಲ್ಲಿ ಬರುವ ಹುಬ್ಬಳ್ಳಿಯವನ ಮನೆಗೋ ಅನ್ವಯಿಸುವುದಿಲ್ಲ. ಕರ್ನಾಟಕ 1963ರ ಪೊಲೀಸ್ ಕಾಯ್ದೆಯ 78, 79, 80 ಮತ್ತು 87ನೇ ಕಲಮುಗಳಡಿ ಮಟ್ಕಾ ಮತ್ತು ಜೂಜುಕಟ್ಟೆಗಳನ್ನು ನಿಷೇಧಿಸಿದೆ, ಇಸ್ಪೀಟ್ ಅಡ್ಡೆಗಳ ಮೇಲಿನ ದಾಳಿ ಜಿಲ್ಲಾ ಪುಟಗಳ ನಿತ್ಯದ ಸುದ್ದಿ. ಗಡಿ ದಾಟಿದವನ ಸೋಲು ಗೋವಾದ ಶುಲ್ಕವಾಗುತ್ತದೆ, ಆ ಸೋಲಿನ ಸಾಲ ಮತ್ತು ಸಂಸಾರದ ಹೊರೆ ಮಾತ್ರ ಕರ್ನಾಟಕಕ್ಕೆ ಮರಳುತ್ತದೆ. ಶುಲ್ಕದ ಒಂದು ಪಾಲನ್ನು ವ್ಯಸನ ಚಿಕಿತ್ಸೆಗೆಂದು ಮೀಸಲಿಡುವುದಾದರೆ ಅದು ಆಟಗಾರ ಎಲ್ಲಿಯವನೆಂದು ಕೇಳದೆ ಸಿಗುವಂತಿರಬೇಕು. ಮೇಜಿಗೆ ಕೂರಿಸುವಾಗ ಅವನ ಹೊರರಾಜ್ಯದ ಗುರುತುಚೀಟಿಯೇ ಅರ್ಹತೆಯಾಗಿತ್ತಲ್ಲ.

ದರಪಟ್ಟಿಯ ತಿದ್ದುಪಡಿಗೆ ಹೊಸ ಕಾಯ್ದೆ ಬೇಕಿಲ್ಲ. 13ಎ ಕಲಮಿನಡಿ ಸರ್ಕಾರಕ್ಕಿರುವ ಅಧಿಕಾರವೇ ಸಾಕು. ಮೂರು ಮೆಟ್ಟಿಲುಗಳ ಬದಲು ಪ್ರತಿ ಜಾಗಕ್ಕೆ ಒಂದೇ ದರ, ಉದಾಹರಣೆಗೆ 10 ಲಕ್ಷ, ಇಟ್ಟರೆ 200 ಜನರ ಹಡಗು 20 ಕೋಟಿ, 400 ಜನರದ್ದು 40 ಕೋಟಿ, 1,000 ಜನರದ್ದು 100 ಕೋಟಿ ಕಟ್ಟಬೇಕಾಗುತ್ತದೆ, ಮತ್ತು ಹಡಗನ್ನು ದೊಡ್ಡದು ಮಾಡಿದಷ್ಟೂ ತಲಾ ಶುಲ್ಕ ಇಳಿಯುವ ಲಾಭ ಇಲ್ಲವಾಗುತ್ತದೆ. ಜೊತೆಗೆ ಮುಚ್ಚಲು ಸರ್ಕಾರವೇ ಆದೇಶಿಸಿದ ದಿನಗಳನ್ನು ಲೆಕ್ಕದಿಂದ ಬಿಡುವ ಒಂದು ಸಾಲು, ನದಿಯಿಂದ ಹೊರಡುವ ಕೊನೆಯ ದಿನಾಂಕ ಹೇಳುವ ಇನ್ನೊಂದು ಸಾಲು ಅದೇ ಅಧಿಸೂಚನೆಯಲ್ಲಿ ಇರಬೇಕು. ಸ್ವತಂತ್ರ ಆಯೋಗಕ್ಕೆ ಮಾತ್ರ ವಿಧಾನಸಭೆಯ ಮುಂದೆ ಹೋಗಲೇಬೇಕು, ಏಕೆಂದರೆ 1976ರ ಕಾಯ್ದೆ ಅಂಥ ಸಂಸ್ಥೆಯನ್ನು ಊಹಿಸಿಕೊಂಡು ಬರೆದದ್ದಲ್ಲ.